ದೇಶದಲ್ಲಿ ಆಕ್ಸಿಜನ್ ಇತ್ತು, ಆಸ್ಪತ್ರೆಯಲ್ಲಿ ಇರಲಿಲ್ಲ: 2021ರ ಲೆಕ್ಕ ತಪ್ಪಿದ್ದೆಲ್ಲಿ?

ಕೊರೊನಾ ಎರಡನೇ ಅಲೆಯ ಮಾತು ಬಂದಾಗಲೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಕಾಣಿಸುತ್ತವೆ. "ದೇಶದಲ್ಲಿ ಆಕ್ಸಿಜನ್ ಖಾಲಿಯಾಗಿತ್ತು, ಅದಕ್ಕೇ ಜನ ಸತ್ತರು" ಎನ್ನುವುದು ಒಂದು. "ಆಕ್ಸಿಜನ್ ಬೇಕಾದಷ್ಟಿತ್ತು, ಕೊರತೆ ಎನ್ನುವುದೇ ಸುಳ್ಳು" ಎನ್ನುವುದು ಇನ್ನೊಂದು. ಎರಡನ್ನೂ ಓದಿದವರಿಗೆ ತಲೆ ಕೆಡುವುದು ಸಹಜ. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಿರಲೇಬೇಕಲ್ಲವೇ?

ಹಾಗೇನಿಲ್ಲ. ಎರಡರಲ್ಲೂ ಅರ್ಧರ್ಧ ನಿಜವಿದೆ. ಎರಡೂ ಬಿಟ್ಟಿರುವ ಸಂಗತಿಯೂ ಒಂದೇ: ಸಾಗಣೆ. ಒಂದು ವಸ್ತು ದೇಶದಲ್ಲಿ ಎಷ್ಟಿದೆ ಎನ್ನುವುದು ಒಂದು ಪ್ರಶ್ನೆ. ಅದು ಬೇಕಾದ ಜಾಗಕ್ಕೆ, ಬೇಕಾದ ಹೊತ್ತಿಗೆ, ಬೇಕಾದ ರೂಪದಲ್ಲಿ ತಲುಪುತ್ತದೆಯೇ ಎನ್ನುವುದು ಬೇರೆಯದೇ ಪ್ರಶ್ನೆ. ಯುದ್ಧ, ಪ್ರವಾಹ, ಸಾಂಕ್ರಾಮಿಕ ರೋಗ ಯಾವುದೇ ಇರಲಿ, ಸಿದ್ಧತೆಯ ಸೋಲು-ಗೆಲುವು ತೀರ್ಮಾನವಾಗುವುದು ಹೆಚ್ಚಾಗಿ ಈ ಎರಡನೇ ಪ್ರಶ್ನೆಯಲ್ಲಿ. 2021ರ ಏಪ್ರಿಲ್–ಮೇ ತಿಂಗಳ ಆಕ್ಸಿಜನ್ ಕಥೆಯನ್ನು ಹಂತ ಹಂತವಾಗಿ ಬಿಡಿಸಿ ನೋಡಿದರೆ ಇದು ಅರ್ಥವಾಗುತ್ತದೆ.

ಮೊದಲು ಅಂಕಿ-ಅಂಶ

2021ರ ಏಪ್ರಿಲ್ 15ರಂದು ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಮಾಹಿತಿಯಂತೆ, ದೇಶದ ಆಕ್ಸಿಜನ್ ಉತ್ಪಾದನಾ ಸಾಮರ್ಥ್ಯ ದಿನಕ್ಕೆ 7,127 ಟನ್. ಏಪ್ರಿಲ್ 12ರ ವೈದ್ಯಕೀಯ ಬಳಕೆ 3,842 ಟನ್. ಅಂದರೆ ಸಾಮರ್ಥ್ಯದ ಸುಮಾರು 54% ಮಾತ್ರ. ಇದರ ಜೊತೆಗೆ ಕೈಗಾರಿಕಾ ಆಕ್ಸಿಜನ್ ಸೇರಿ 50,000 ಟನ್‌ಗೂ ಹೆಚ್ಚು ದಾಸ್ತಾನು ಇತ್ತು. ಈ ಹಾಳೆಯನ್ನಷ್ಟೇ ನೋಡಿದರೆ ಚಿಂತೆಗೆ ಕಾರಣವೇ ಇಲ್ಲ.

ಆದರೆ ಬೇಡಿಕೆ ಅಲ್ಲಿಗೆ ನಿಲ್ಲಲಿಲ್ಲ. ಮೊದಲ ಅಲೆಯ ಉತ್ತುಂಗದಲ್ಲಿ ದಿನಕ್ಕೆ 3,095 ಟನ್ ಇದ್ದ ಬೇಡಿಕೆ ಎರಡನೇ ಅಲೆಯಲ್ಲಿ ಸುಮಾರು 9,000 ಟನ್‌ಗೆ ಏರಿತು. ಏಪ್ರಿಲ್ 22ರಿಂದ ಒಂಬತ್ತು ಅಗತ್ಯ ವಲಯಗಳನ್ನು ಬಿಟ್ಟು ಉಳಿದ ಕೈಗಾರಿಕೆಗಳಿಗೆ ಆಕ್ಸಿಜನ್ ಕೊಡುವುದನ್ನು ನಿಲ್ಲಿಸಲಾಯಿತು. ಕಾರ್ಖಾನೆಗಳು ಉತ್ಪಾದನೆ ಹೆಚ್ಚಿಸಿದವು. ಮೇ ತಿಂಗಳಲ್ಲಿ ಉತ್ಪಾದನೆಯೂ 9,000 ಟನ್ ದಾಟಿತು.

ಹಾಗಾದರೆ ಉತ್ಪಾದನೆ ಹೇಗೋ ಏದುಸಿರು ಬಿಟ್ಟುಕೊಂಡು ಬೇಡಿಕೆಯ ಬೆನ್ನು ಹಿಡಿಯಿತು. ಆದರೂ ಆಸ್ಪತ್ರೆಗಳು "ಇನ್ನು ಎರಡು ಗಂಟೆಗಷ್ಟೇ ಆಕ್ಸಿಜನ್ ಇದೆ" ಎಂದು ಸಾಮಾಜಿಕ ಜಾಲತಾಣಗಳಲ್ಲಿ ಮೊರೆ ಇಟ್ಟದ್ದೇಕೆ? ಉತ್ತರಕ್ಕೆ ನಕ್ಷೆ ನೋಡಬೇಕು.

ಆಕ್ಸಿಜನ್ ಹುಟ್ಟುವುದು ಉಕ್ಕಿನ ಕಾರ್ಖಾನೆಯಲ್ಲಿ

ಗಾಳಿಯಲ್ಲಿ ಸುಮಾರು 21% ಆಕ್ಸಿಜನ್ ಇದೆ. ಅದನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಲು ಗಾಳಿಯನ್ನು ವಿಪರೀತ ತಣ್ಣಗಾಗಿಸಿ ದ್ರವ ಮಾಡುತ್ತಾರೆ. ನೈಟ್ರೋಜನ್, ಆಕ್ಸಿಜನ್, ಆರ್ಗಾನ್ ಬೇರೆ ಬೇರೆ ತಾಪಮಾನದಲ್ಲಿ ಕುದಿಯುವುದರಿಂದ ಅವನ್ನು ಒಂದೊಂದಾಗಿ ಪ್ರತ್ಯೇಕಿಸಬಹುದು. ಇದಕ್ಕೆ ಭಾರಿ ಯಂತ್ರ, ಭಾರಿ ವಿದ್ಯುತ್ ಬೇಕು. ಇಂಥ ಘಟಕಗಳಿಗೆ ದೊಡ್ಡ ಗಿರಾಕಿ ಉಕ್ಕಿನ ಉದ್ಯಮ. ಕರಗಿದ ಕಬ್ಬಿಣದಲ್ಲಿರುವ ಇಂಗಾಲವನ್ನು ಸುಡಲು ಅಲ್ಲಿ ಆಕ್ಸಿಜನ್ ಊದುತ್ತಾರೆ. ಹಾಗಾಗಿ ದೊಡ್ಡ ಆಕ್ಸಿಜನ್ ಘಟಕಗಳು ಉಕ್ಕಿನ ಕಾರ್ಖಾನೆಗಳ ಒಳಗೋ ಪಕ್ಕದಲ್ಲೋ ಇರುತ್ತವೆ.

ಉಕ್ಕಿನ ಕಾರ್ಖಾನೆಗಳೋ ಅದಿರು ಮತ್ತು ಕಲ್ಲಿದ್ದಲಿನ ಹತ್ತಿರ ಇರುತ್ತವೆ: ಜಾರ್ಖಂಡ್‌ನ ಜೆಮ್‌ಶೆಡ್‌ಪುರ ಮತ್ತು ಬೊಕಾರೊ, ಒಡಿಶಾದ ರೂರ್ಕೆಲಾ, ಛತ್ತೀಸಗಢದ ಭಿಲಾಯಿ, ಪಶ್ಚಿಮ ಬಂಗಾಳದ ದುರ್ಗಾಪುರ, ಆಂಧ್ರದ ವಿಶಾಖಪಟ್ಟಣ, ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲು. ಆದರೆ 2021ರಲ್ಲಿ ರೋಗಿಗಳು ತುಂಬಿ ತುಳುಕುತ್ತಿದ್ದದ್ದು ದೆಹಲಿ, ಮುಂಬೈ, ಲಖನೌ, ಬೆಂಗಳೂರಿನಲ್ಲಿ. ದೆಹಲಿಗೆ ತನ್ನದೇ ಆದ ದೊಡ್ಡ ದ್ರವ ಆಕ್ಸಿಜನ್ ಘಟಕವೇ ಇಲ್ಲ. ಆಕ್ಸಿಜನ್ ಹೆಚ್ಚಾಗಿ ಪೂರ್ವದಲ್ಲಿ, ರೋಗಿಗಳು ಉತ್ತರದಲ್ಲಿ ಮತ್ತು ಪಶ್ಚಿಮದಲ್ಲಿ. ನಡುವೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ರಸ್ತೆ.

ಮಾಮೂಲಿ ದಿನಗಳಲ್ಲಿ ಇದು ಸಮಸ್ಯೆಯೇ ಅಲ್ಲ. ಆಸ್ಪತ್ರೆಗಳಿಗೆ ಬೇಕಾದದ್ದು ಸ್ವಲ್ಪ, ಅದನ್ನು ಹತ್ತಿರದ ಸಣ್ಣ ಘಟಕಗಳೇ ಪೂರೈಸುತ್ತಿದ್ದವು. ಆ ವ್ಯವಸ್ಥೆ ಕಡಿಮೆ ಖರ್ಚಿನದು, ಮಾಮೂಲಿ ದಿನಕ್ಕೆ ಸರಿಯಾದದ್ದು. ಅಸಾಮಾನ್ಯ ದಿನಕ್ಕೆ ಅದನ್ನು ಯಾರೂ ಅಳತೆ ಮಾಡಿರಲಿಲ್ಲ.

ಮೈನಸ್ 183 ಡಿಗ್ರಿಯ ಸರಕು

"ಇರಲಿ, ಲಾರಿಗೆ ತುಂಬಿ ಕಳಿಸಬಹುದಿತ್ತಲ್ಲ?" ಎಂದು ನೀವು ಕೇಳಬಹುದು. ಆಕ್ಸಿಜನ್ ಅಕ್ಕಿ ಮೂಟೆಯಲ್ಲ. ಅದು ದ್ರವವಾಗಿ ಉಳಿಯಬೇಕಾದರೆ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು. ಇದಕ್ಕೆ ಥರ್ಮಾಸ್ ಫ್ಲಾಸ್ಕ್‌ನಂತೆ ಎರಡು ಗೋಡೆಗಳಿದ್ದು ನಡುವೆ ನಿರ್ವಾತವಿರುವ ಕ್ರಯೋಜೆನಿಕ್ ಟ್ಯಾಂಕರ್ ಬೇಕು. ಇವುಗಳಿಗೆ ಪರವಾನಗಿ ಕೊಡುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಓಡಿಸುವ ಚಾಲಕರಿಗೂ ಅಪಾಯಕಾರಿ ಸರಕು ಸಾಗಿಸುವ ತರಬೇತಿ ಆಗಿರಬೇಕು.

ಇಷ್ಟು ಕಷ್ಟಪಟ್ಟು ದ್ರವ ಮಾಡುವುದೇಕೆ? ಒಂದು ಲೀಟರ್ ದ್ರವ ಆಕ್ಸಿಜನ್ ಆವಿಯಾದರೆ ಸುಮಾರು 860 ಲೀಟರ್ ಅನಿಲ ಸಿಗುತ್ತದೆ. ಅನಿಲವನ್ನು ಸಿಲಿಂಡರ್‌ನಲ್ಲಿ ಸಾಗಿಸುವುದು ಇದಕ್ಕೆ ಹೋಲಿಸಿದರೆ ದುಬಾರಿ. ಆಸ್ಪತ್ರೆಗಳಲ್ಲಿ ಕಾಣುವ ಎತ್ತರದ ಜಂಬೊ ಸಿಲಿಂಡರ್‌ನಲ್ಲಿ ಇರುವುದು ಸುಮಾರು 7,000 ಲೀಟರ್ ಅನಿಲ. ಅದರ ತೂಕ ಹತ್ತು ಕಿಲೋಗೂ ಕಡಿಮೆಯೇ. ಆ ಹತ್ತು ಕಿಲೋ ಸಾಗಿಸಲು ಸುಮಾರು 60 ಕಿಲೋ ಉಕ್ಕನ್ನು ಹೊರಬೇಕು! 20 ಟನ್‌ನ ಒಂದು ಟ್ಯಾಂಕರ್ ತರುವ ಆಕ್ಸಿಜನ್ ತರಲು ಸುಮಾರು 2,000 ಜಂಬೊ ಸಿಲಿಂಡರ್ ಬೇಕಾಗುತ್ತದೆ.

ಹಾಗಾಗಿ ಪ್ರಶ್ನೆ ಟ್ಯಾಂಕರ್ ಎಷ್ಟಿವೆ ಎನ್ನುವುದಕ್ಕೆ ಬಂದು ನಿಲ್ಲುತ್ತದೆ.

ಟ್ಯಾಂಕರ್ ಲೆಕ್ಕ ನೀವೇ ಮಾಡಿ

ಆಗ ದೇಶದಲ್ಲಿ ಆಕ್ಸಿಜನ್ ಸಾಗಿಸುವ ಕ್ರಯೋಜೆನಿಕ್ ಟ್ಯಾಂಕರ್‌ಗಳು ಇದ್ದದ್ದು 1,200ರ ಆಸುಪಾಸು. ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಸುಮಾರು 16,000 ಟನ್. ಬೇಡಿಕೆ ದಿನಕ್ಕೆ 9,000 ಟನ್. ಅಂದರೆ ದೇಶದ ಪ್ರತಿಯೊಂದು ಟ್ಯಾಂಕರ್ ಎರಡು ದಿನಕ್ಕೂ ಕಡಿಮೆ ಸಮಯದಲ್ಲಿ ಹೋಗಿ, ತುಂಬಿಸಿಕೊಂಡು, ಬಂದು, ಇಳಿಸಿ, ಮತ್ತೆ ಹೊರಡಬೇಕು. ಒಂದು ಟೈರ್ ಪಂಕ್ಚರ್ ಆಗುವಂತಿಲ್ಲ, ಒಂದು ಚೆಕ್‌ಪೋಸ್ಟ್‌ನಲ್ಲಿ ನಿಲ್ಲುವಂತಿಲ್ಲ.

ಇದಕ್ಕೊಂದು ಸರಳ ಸೂತ್ರ ಇದೆ:

ದಿನದ ಪೂರೈಕೆ = ವಾಹನಗಳ ಸಂಖ್ಯೆ × ಒಂದು ವಾಹನದ ಭಾರ ÷ ಒಂದು ಸುತ್ತಿಗೆ ಬೇಕಾಗುವ ದಿನಗಳು

ಉದಾಹರಣೆಗೆ, 15 ಟನ್‌ನ ಒಂದು ಟ್ಯಾಂಕರ್ ತೆಗೆದುಕೊಳ್ಳೋಣ. ಸರಾಸರಿ ವೇಗ ಗಂಟೆಗೆ 40 ಕಿ.ಮೀ., ತುಂಬಿಸಲು-ಇಳಿಸಲು-ಸರದಿಯಲ್ಲಿ ಕಾಯಲು ಒಟ್ಟು 12 ಗಂಟೆ ಎಂದುಕೊಳ್ಳಿ.

- ರೂರ್ಕೆಲಾದಿಂದ ದೆಹಲಿ 1,200 ಕಿ.ಮೀ.ಗೂ ಹೆಚ್ಚು. 1,200 ಎಂದೇ ಹಿಡಿದರೂ ಹೋಗಲು 30 ಗಂಟೆ, ಬರಲು 30 ಗಂಟೆ, ಉಳಿದದ್ದಕ್ಕೆ 12. ಒಟ್ಟು 72 ಗಂಟೆ, ಮೂರು ದಿನ. 15 ಟನ್ ಟ್ಯಾಂಕರ್ ದಿನಕ್ಕೆ ಕೊಟ್ಟದ್ದು 5 ಟನ್ ಮಾತ್ರ.
- ತೋರಣಗಲ್ಲಿನಿಂದ ಬೆಂಗಳೂರು ಸುಮಾರು 300 ಕಿ.ಮೀ. ಹೋಗಿ ಬರಲು 15–16 ಗಂಟೆ, ಉಳಿದದ್ದಕ್ಕೆ 12. ಒಟ್ಟು ಸುಮಾರು 28 ಗಂಟೆ. ಅದೇ ಟ್ಯಾಂಕರ್ ದಿನಕ್ಕೆ ಸುಮಾರು 13 ಟನ್ ಕೊಡುತ್ತದೆ.

ಟ್ಯಾಂಕರ್ ಅದೇ, ಚಾಲಕ ಅವನೇ, ಆಕ್ಸಿಜನ್ನೂ ಅದೇ. ದೂರ ಹೆಚ್ಚಾದ ಕೂಡಲೇ ಟ್ಯಾಂಕರ್‌ನ ಶಕ್ತಿ ಅರ್ಧಕ್ಕೂ ಕಡಿಮೆಯಾಯಿತು. "ದೇಶದಲ್ಲಿ 50,000 ಟನ್ ದಾಸ್ತಾನು ಇದೆ" ಎನ್ನುವ ಸಂಖ್ಯೆ ಆ ರಾತ್ರಿ ಯಾವ ರೋಗಿಯ ಉಸಿರನ್ನೂ ಉಳಿಸಲಾರದೇ ಹೋದದ್ದು ಇದೇ ಕಾರಣಕ್ಕೆ.

ಕರ್ನಾಟಕದ ಆತಂಕವೂ ಈ ಸೂತ್ರದೊಳಗೇ ಇದೆ. ನಮ್ಮಲ್ಲಿ ತಯಾರಾದ ಆಕ್ಸಿಜನ್‌ನಲ್ಲಿ ಒಂದು ಪಾಲು ಕೇಂದ್ರದ ಹಂಚಿಕೆಯಂತೆ ಬೇರೆ ರಾಜ್ಯಗಳಿಗೆ ಹೋಗಬೇಕಿತ್ತು. ನಮಗೆ ಬೇಕಾದ ಒಂದಷ್ಟು ದೂರದ ಪೂರ್ವ ರಾಜ್ಯಗಳಿಂದ ಬರಬೇಕಿತ್ತು. ಕಾಗದದ ಮೇಲೆ ಟನ್‌ಗೆ ಟನ್ ಸರಿಹೋಗಬಹುದು, ರಸ್ತೆಯ ಮೇಲೆ ಸರಿಹೋಗುವುದಿಲ್ಲ. ರಾಜ್ಯದ ಪಾಲನ್ನು ದಿನಕ್ಕೆ 1,200 ಟನ್‌ಗೆ ಏರಿಸಬೇಕೆಂದು ಕರ್ನಾಟಕ ಹೈಕೋರ್ಟ್ 2021ರ ಮೇ 5ರಂದು ಆದೇಶಿಸಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋದಾಗ, ಮೇ 7ರಂದು ಆ ಆದೇಶದಲ್ಲಿ ಮಧ್ಯಪ್ರವೇಶಿಸಲು ಕೋರ್ಟ್ ನಿರಾಕರಿಸಿತು.

ವಿಮಾನಗಳು ಖಾಲಿ ಟ್ಯಾಂಕರ್ ಹೊತ್ತಿದ್ದೇಕೆ?

ಆ ದಿನಗಳಲ್ಲಿ ವಾಯುಪಡೆಯ ದೈತ್ಯ ಸಿ-17 ವಿಮಾನದೊಳಗೆ ಟ್ಯಾಂಕರ್ ಏರಿಸುವ ವಿಡಿಯೊ ಎಲ್ಲರ ಮೊಬೈಲ್‌ಗೂ ಬಂದಿತ್ತು. "ವಿಮಾನದಲ್ಲಿ ಆಕ್ಸಿಜನ್ ಬಂತು" ಎಂದೇ ಹಲವರು ಅದನ್ನು ಹಂಚಿಕೊಂಡರು. ದೇಶದೊಳಗೆ ಹಾರಿದ ಆ ಟ್ಯಾಂಕರ್‌ಗಳು ಖಾಲಿ ಇದ್ದವು.

ಹಾಗೆಂದು ಅದು ನಾಟಕವಲ್ಲ. ಲೆಕ್ಕಾಚಾರ ಅದರಲ್ಲೇ ಇರುವುದು. ತುಂಬಿದ ದ್ರವ ಆಕ್ಸಿಜನ್ ಟ್ಯಾಂಕರ್‌ನಿಂದ ಸ್ವಲ್ಪ ಸ್ವಲ್ಪ ಆವಿ ಹೊರಬರುತ್ತಲೇ ಇರುತ್ತದೆ. ಮುಚ್ಚಿದ ವಿಮಾನದೊಳಗೆ ಆಕ್ಸಿಜನ್ ಪ್ರಮಾಣ ಏರಿದರೆ ಒಂದು ಕಿಡಿಯೂ ಭಾರಿ ಬೆಂಕಿಯಾಗಬಹುದು. ಹಾಗಾಗಿ ತುಂಬಿದ್ದನ್ನು ಹಾರಿಸುವಂತಿಲ್ಲ. ಆದರೆ ಮೇಲಿನ ಲೆಕ್ಕವನ್ನು ಮತ್ತೆ ನೋಡಿ. ಮೂರು ದಿನದ ಸುತ್ತಿನಲ್ಲಿ 30 ಗಂಟೆ ಖಾಲಿ ಟ್ಯಾಂಕರ್ ಕಾರ್ಖಾನೆಗೆ ಹೋಗುವುದಕ್ಕೇ ಖರ್ಚಾಗುತ್ತದೆ. ಆ 30 ಗಂಟೆಯನ್ನು ವಿಮಾನ ಎರಡು-ಮೂರು ಗಂಟೆಗೆ ಇಳಿಸಿದರೆ ಅದೇ ಟ್ಯಾಂಕರ್ ಬೇಗ ಎರಡನೇ ಸುತ್ತಿಗೆ ಸಿಗುತ್ತದೆ. ಹೊಸ ಟ್ಯಾಂಕರ್ ತಯಾರಿಸಲು ತಿಂಗಳುಗಳು ಬೇಕು. ಇದ್ದ ಟ್ಯಾಂಕರ್‌ಗಳ ಸುತ್ತಿನ ಸಮಯ ಕಡಿಮೆ ಮಾಡಿದರೆ ಇಂದೇ ಹೆಚ್ಚು ಟ್ಯಾಂಕರ್ ಇದ್ದಂತೆ.

ಏಪ್ರಿಲ್ 24ರಂದು ಸಿಂಗಪುರದ ಚಾಂಗಿಯಿಂದ ನಾಲ್ಕು ಖಾಲಿ ಕ್ರಯೋಜೆನಿಕ್ ಕಂಟೇನರ್‌ಗಳನ್ನು ಹೊತ್ತು ತಂದ ವಾಯುಪಡೆಯ ವಿಮಾನ ಇಳಿದದ್ದು ದೆಹಲಿಯಲ್ಲಲ್ಲ, ಪಶ್ಚಿಮ ಬಂಗಾಳದ ಪಾನಾಗಢ ವಾಯುನೆಲೆಯಲ್ಲಿ. ದುರ್ಗಾಪುರದ ಉಕ್ಕಿನ ಕಾರ್ಖಾನೆ ಅಲ್ಲಿಗೆ ಹತ್ತಿರ.

ತುಂಬಿದ ಟ್ಯಾಂಕರ್‌ಗಳನ್ನು ವಾಪಸ್ ತರುವ ಕೆಲಸ ರೈಲಿನದ್ದು. ಏಪ್ರಿಲ್ 19ರಂದು ನವಿ ಮುಂಬೈನ ಕಳಂಬೋಲಿಯಿಂದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಏಳು ಖಾಲಿ ಟ್ಯಾಂಕರ್‌ಗಳನ್ನು ಹೊತ್ತು ವಿಶಾಖಪಟ್ಟಣಕ್ಕೆ ಹೊರಟಿತು. ಇಲ್ಲೂ ಒಂದು ತೊಡಕು. ಲಾರಿ-ಟ್ಯಾಂಕರ್ ಅನ್ನು ರೈಲಿನ ಚಪ್ಪಟೆ ವ್ಯಾಗನ್ ಮೇಲೆ ನಿಲ್ಲಿಸಿದರೆ ಎತ್ತರ ಜಾಸ್ತಿಯಾಗುತ್ತದೆ. ಮೇಲ್ಸೇತುವೆ, ವಿದ್ಯುತ್ ತಂತಿ, ಘಟ್ಟದ ಸುರಂಗ ಎಲ್ಲವೂ ಅಡ್ಡ. ಕೊನೆಗೆ 3,320 ಮಿಲಿಮೀಟರ್ ಎತ್ತರದ ಟ್ಯಾಂಕರ್ ಮಾದರಿಯನ್ನು ಆರಿಸಿ, ಘಟ್ಟದ ಹಾದಿ ಬಿಟ್ಟು ಸೂರತ್, ಭುಸಾವಳ, ನಾಗಪುರದ ಮೂಲಕ ಸುತ್ತಿಕೊಂಡು ಹೋಗಬೇಕಾಯಿತು. ಕೆಲವು ಸೆಂಟಿಮೀಟರ್‌ಗಳು ಒಂದು ರಾಷ್ಟ್ರೀಯ ಯೋಜನೆಯ ದಾರಿಯನ್ನೇ ಬದಲಿಸಿದವು! ವಿಶಾಖಪಟ್ಟಣದಲ್ಲಿ ನೂರಕ್ಕೂ ಹೆಚ್ಚು ಟನ್ ತುಂಬಿಸಲು 10 ಗಂಟೆ ಹಿಡಿಯಿತು.

ಮುಂದೆ ಈ ರೈಲುಗಳು ಒಟ್ಟು 35,000 ಟನ್‌ಗೂ ಹೆಚ್ಚು ಆಕ್ಸಿಜನ್ ಸಾಗಿಸಿದವು. ಕರ್ನಾಟಕಕ್ಕೆ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಬಂದದ್ದು ಮೇ 11ರಂದು. ಜಾರ್ಖಂಡ್‌ನ ಟಾಟಾನಗರದಿಂದ ಆರು ಕಂಟೇನರ್‌ಗಳಲ್ಲಿ 120 ಟನ್ ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಬಂದಿಳಿಯಿತು. ಅದಕ್ಕೂ ಮೊದಲೇ, ಮೇ 5ರಂದು, ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹರೈನ್‌ನಿಂದ ದ್ರವ ಆಕ್ಸಿಜನ್ ತುಂಬಿದ ಕಂಟೇನರ್‌ಗಳೊಂದಿಗೆ ನವಮಂಗಳೂರು ಬಂದರು ತಲುಪಿತ್ತು.

ನೈಟ್ರೋಜನ್ ಮತ್ತು ಆರ್ಗಾನ್ ಸಾಗಿಸುವ ಟ್ಯಾಂಕರ್‌ಗಳನ್ನೂ ಆಕ್ಸಿಜನ್‌ಗೆ ಬದಲಿಸಲಾಯಿತು. ಅದಕ್ಕೂ ಸಮಯ ಬೇಕಿತ್ತು. ಒಳಗೆ ಎಣ್ಣೆ-ಗ್ರೀಸಿನ ಅಂಶ ಸ್ವಲ್ಪ ಉಳಿದರೂ ಶುದ್ಧ ಆಕ್ಸಿಜನ್ ಜೊತೆ ಸೇರಿ ಬೆಂಕಿ ಹೊತ್ತಿಕೊಳ್ಳಬಹುದು. ಹಾಗಾಗಿ ಪೂರ್ತಿ ಶುದ್ಧ ಮಾಡಿಯೇ ತುಂಬಿಸಬೇಕು.

ಕೊನೆಯ 60 ಕಿಲೋಮೀಟರ್

ಕಾರ್ಖಾನೆಯಿಂದ ನಗರಕ್ಕೆ ಬಂದರೆ ಕೆಲಸ ಮುಗಿಯಿತೇ? ಇಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ದ್ರವ ಆಕ್ಸಿಜನ್ ಟ್ಯಾಂಕ್ ಇರುತ್ತದೆ, ಟ್ಯಾಂಕರ್ ನೇರವಾಗಿ ಅದಕ್ಕೆ ತುಂಬಿಸುತ್ತದೆ. ಸಣ್ಣ ಊರಿನ ಆಸ್ಪತ್ರೆಗಳು ಹೆಚ್ಚಾಗಿ ಸಿಲಿಂಡರ್ ನಂಬಿಕೊಂಡಿರುತ್ತವೆ. ಖಾಲಿಯಾದದ್ದನ್ನು ಲಾರಿಯಲ್ಲಿ ಹಾಕಿ ಕಳಿಸಬೇಕು, ತುಂಬಿಸಿಕೊಂಡು ತರಬೇಕು.

ಒಬ್ಬ ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕೆಂದರೆ ಒಂದು ಜಂಬೊ ಸಿಲಿಂಡರ್ 12 ಗಂಟೆಗೂ ಕಡಿಮೆ ಬರುತ್ತದೆ. ನಿಮಿಷಕ್ಕೆ 60 ಲೀಟರ್‌ವರೆಗೆ ಹರಿಸುವ ಯಂತ್ರ ಹಾಕಿದರೆ ಎರಡು ಗಂಟೆಯೂ ಬರುವುದಿಲ್ಲ. 10 ಲೀಟರ್ ಲೆಕ್ಕದಲ್ಲೇ 100 ರೋಗಿಗಳಿದ್ದರೆ ದಿನಕ್ಕೆ 200ಕ್ಕೂ ಹೆಚ್ಚು ಸಿಲಿಂಡರ್ ಬೇಕು. ಅಂದರೆ ಲಾರಿಗಳು ಹಗಲೂ ರಾತ್ರಿ ನಿಲ್ಲದೆ ಓಡುತ್ತಿರಬೇಕು.

ಚಾಮರಾಜನಗರ ಜಿಲ್ಲಾ ಆಸ್ಪತ್ರೆಗೆ ಸಿಲಿಂಡರ್‌ಗಳು ಬರುತ್ತಿದ್ದದ್ದು ಸುಮಾರು 60 ಕಿ.ಮೀ. ದೂರದ ಮೈಸೂರಿನಿಂದ. 2021ರ ಮೇ 2ರ ರಾತ್ರಿ ಆ ಸರಪಳಿ ತುಂಡಾಯಿತು. ಬೆಳಗಾಗುವಷ್ಟರಲ್ಲಿ ಆದ ಅನಾಹುತ ಇಡೀ ರಾಜ್ಯಕ್ಕೆ ಗೊತ್ತಿದೆ. ಒಂದು ದಿನದೊಳಗೆ 24 ಮಂದಿ ಮೃತಪಟ್ಟರೆಂದು ಮೊದಲು ವರದಿಯಾಯಿತು. ಹೈಕೋರ್ಟ್ ನೇಮಿಸಿದ ಸಮಿತಿ ಈ ಸಂಖ್ಯೆ ಇನ್ನೂ ಹೆಚ್ಚು ಎಂದು ಹೇಳಿತು. ದೇಶದ ದೊಡ್ಡ ಆಕ್ಸಿಜನ್ ಘಟಕಗಳಲ್ಲಿ ಒಂದನ್ನು ಹೊಂದಿರುವ ರಾಜ್ಯದಲ್ಲೇ ಇದಾಯಿತು. ಇಲ್ಲಿ ಕಡಿದದ್ದು ಸರಪಳಿಯ ಕಟ್ಟಕಡೆಯ ಕೊಂಡಿ. ಯಾವ ಸರಪಳಿಯೂ ತನ್ನ ಅತಿ ದುರ್ಬಲ ಕೊಂಡಿಗಿಂತ ಗಟ್ಟಿಯಾಗಿರುವುದಿಲ್ಲ.

ಮೊದಲೇ ಯೋಚಿಸಿದವರು ಏನು ಮಾಡಿದ್ದರು?

ಮನೆಯಲ್ಲಿ ಎರಡು ಅಡುಗೆ ಗ್ಯಾಸ್ ಸಿಲಿಂಡರ್ ಇಟ್ಟುಕೊಳ್ಳುವುದೇಕೆ? ಒಂದು ಮುಗಿದ ಕೂಡಲೇ ಬುಕ್ ಮಾಡಿದರೂ ಇನ್ನೊಂದು ಬರಲು ಕೆಲವು ದಿನ ಬೇಕು ಎಂದು ನಮಗೆ ಗೊತ್ತು. ಎರಡನೇ ಸಿಲಿಂಡರ್ ಕೊಡುವುದು ಗ್ಯಾಸನ್ನಷ್ಟೇ ಅಲ್ಲ, ಸಮಯವನ್ನು. ಸಿದ್ಧತೆ ಎಂದರೆ ಇಷ್ಟೇ: ಮುಂದಿನ ಲಾರಿ ಬರುವವರೆಗೆ ತಡೆದುಕೊಳ್ಳುವ ಸಮಯವನ್ನು ಮೊದಲೇ ಕೂಡಿಡುವುದು.

ಮುಂಬೈ ಇದನ್ನು ಮೊದಲ ಅಲೆಯ ನಂತರ ಮಾಡಿತು. ಸಿಲಿಂಡರ್ ಅವಲಂಬನೆ ಕಡಿಮೆ ಮಾಡಿ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ 13,000 ಲೀಟರ್‌ನ ದ್ರವ ಆಕ್ಸಿಜನ್ ಟ್ಯಾಂಕ್‌ಗಳನ್ನು ಕೂರಿಸಿತು. ಮೇಲಿನ 100 ರೋಗಿಗಳ ಲೆಕ್ಕದಲ್ಲಿ ಇಂಥ ಒಂದು ಟ್ಯಾಂಕ್ ಒಂದು ವಾರ ಬರುತ್ತದೆ! ಆದರೂ 2021ರ ಏಪ್ರಿಲ್ ಮಧ್ಯದಲ್ಲಿ ಆರು ಆಸ್ಪತ್ರೆಗಳಲ್ಲಿ ಆಕ್ಸಿಜನ್ ಮುಗಿಯುವ ಸೂಚನೆ ಸಿಕ್ಕಿತು. ಆಗ ಒಂದೇ ರಾತ್ರಿಯಲ್ಲಿ 168 ರೋಗಿಗಳನ್ನು ಆಕ್ಸಿಜನ್ ಇರುವ ಕಡೆಗೆ ಸ್ಥಳಾಂತರಿಸಿದರು. ಆಕ್ಸಿಜನ್ ರೋಗಿಯ ಬಳಿ ಬರಲಾಗದಿದ್ದರೆ ರೋಗಿಯನ್ನೇ ಆಕ್ಸಿಜನ್ ಬಳಿ ಒಯ್ಯಬೇಕು. ಮುಗಿಯುವುದಕ್ಕೆ ಕೆಲವು ಗಂಟೆ ಮೊದಲೇ ಗೊತ್ತಾದರೆ ಮಾತ್ರ ಇದು ಸಾಧ್ಯ. ಮುಂಬೈನ ಅನುಭವದಿಂದ ಕಲಿಯುವಂತೆ ಸುಪ್ರೀಂ ಕೋರ್ಟ್ ಕೂಡ ಸಲಹೆ ಕೊಟ್ಟಿತು.

ಮಹಾರಾಷ್ಟ್ರದ ಆದಿವಾಸಿ ಜಿಲ್ಲೆ ನಂದುರಬಾರ್ ಇನ್ನೊಂದು ದಾರಿ ಹಿಡಿಯಿತು. ಟ್ಯಾಂಕರ್ ಬೇಗ ತಲುಪದ ಊರು ಅದು. ಮೊದಲ ಅಲೆ ಇನ್ನೂ ಇರುವಾಗಲೇ, 2020ರ ಸೆಪ್ಟೆಂಬರ್‌ನಲ್ಲಿ, ಆಗಿನ ಜಿಲ್ಲಾಧಿಕಾರಿ ರಾಜೇಂದ್ರ ಭಾರುಡ್ ಆಸ್ಪತ್ರೆಯಲ್ಲೇ ಗಾಳಿಯಿಂದ ಆಕ್ಸಿಜನ್ ತಯಾರಿಸುವ ಪಿಎಸ್‌ಎ ಘಟಕ ಹಾಕಿಸಿದರು. ಸಾಗಣೆಯ ಸಮಸ್ಯೆಯನ್ನು ಅವರು ಸಾಗಣೆಯನ್ನೇ ತೆಗೆದುಹಾಕಿ ಬಗೆಹರಿಸಿದರು. ಕೇರಳ 2020ರಿಂದಲೇ ಪ್ರತಿ ದಿನದ ಬಳಕೆ ಮತ್ತು ದಾಸ್ತಾನಿನ ಲೆಕ್ಕ ಇಡುತ್ತಾ ಬಂದಿತ್ತು. ಮುಂದೆ ಅಲ್ಲೂ ಒತ್ತಡ ಬಂತು, ಆದರೆ ಎಲ್ಲಿ ಎಷ್ಟಿದೆ ಎಂಬುದು ಅಧಿಕಾರಿಗಳಿಗೆ ತಿಳಿದಿತ್ತು.

ಇದಕ್ಕೆ ಎದುರಾಗಿ ಇನ್ನೊಂದು ಅಂಕಿ ಇದೆ. ಪಿಎಂ ಕೇರ್ಸ್ ನಿಧಿಯಿಂದ 162 ಪಿಎಸ್‌ಎ ಘಟಕಗಳಿಗೆ 2021ರ ಜನವರಿಯಲ್ಲೇ ಹಣ ಮಂಜೂರಾಗಿತ್ತು. ಏಪ್ರಿಲ್ 18ರ ಹೊತ್ತಿಗೆ ಕೂರಿಸಿದ್ದು 33 ಮಾತ್ರ. ಯೋಜನೆ ಇತ್ತು, ಹಣ ಇತ್ತು, ತಲುಪಿಸುವ ಕೆಲಸ ಬಾಕಿ ಇತ್ತು.

ನಿಮ್ಮ ಫಾರ್ವರ್ಡ್ ಕೂಡ ಸರಪಳಿಯ ಒಂದು ಕೊಂಡಿ

ಪೂರೈಕೆ ಸರಪಳಿ ಎಂದರೆ ಲಾರಿ, ರೈಲು, ಗೋದಾಮು ಮಾತ್ರ ಎಂದು ನಾವು ತಿಳಿದಿದ್ದೇವೆ. ಮಾಹಿತಿಯೂ ಅದರ ಭಾಗ. ಮಾಹಿತಿ ಕೆಟ್ಟರೆ ಸರಕು ತಪ್ಪು ಜಾಗಕ್ಕೆ ಹೋಗುತ್ತದೆ.

"ಸಿಲಿಂಡರ್ ಸಿಗುವುದಿಲ್ಲವಂತೆ" ಎಂಬ ಸಂದೇಶ ಬಂದ ಕೂಡಲೇ ಆರೋಗ್ಯವಂತರೂ ಒಂದು ಸಿಲಿಂಡರ್ ತಂದು ಮನೆಯಲ್ಲಿ ಇಟ್ಟುಕೊಂಡರು ಎಂದುಕೊಳ್ಳಿ. ಅಂಗಡಿಯವನಿಗೆ ಬೇಡಿಕೆ ದುಪ್ಪಟ್ಟಾದಂತೆ ಕಾಣುತ್ತದೆ, ಅವನು ಮೂರು ಪಟ್ಟು ಕೇಳುತ್ತಾನೆ. ವಿತರಕ ಇನ್ನೂ ಹೆಚ್ಚು ಕೇಳುತ್ತಾನೆ. ಚಾಟಿಯ ಹಿಡಿ ಸ್ವಲ್ಪ ಅಲ್ಲಾಡಿಸಿದರೆ ತುದಿ ಜೋರಾಗಿ ಬೀಸುವಂತೆ ಸಣ್ಣ ಭಯ ದೊಡ್ಡ ಕೊರತೆಯಾಗುತ್ತದೆ. ಇದನ್ನು ಬುಲ್‌ವಿಪ್ ಎಫೆಕ್ಟ್, ಅಂದರೆ ಚಾಟಿ ಪರಿಣಾಮ ಎನ್ನುತ್ತಾರೆ. ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ 1961ರಲ್ಲೇ ಇದರ ಬಗ್ಗೆ ಬರೆದಿದ್ದರು. ಕೊನೆಗೆ ಮನೆಯ ಮೂಲೆಯಲ್ಲಿ ತುಂಬಿದ ಸಿಲಿಂಡರ್ ಸುಮ್ಮನೆ ನಿಂತಿರುತ್ತದೆ, ಆಸ್ಪತ್ರೆಯಲ್ಲಿ ತುಂಬಿಸಲು ಖಾಲಿ ಸಿಲಿಂಡರ್ ಸಿಗುವುದಿಲ್ಲ.

2016ರ ನವೆಂಬರ್‌ನಲ್ಲಿ ಉತ್ತರ ಭಾರತದಲ್ಲಿ ಉಪ್ಪು ಸಿಗುವುದಿಲ್ಲ ಎಂಬ ಗಾಳಿಸುದ್ದಿ ಹಬ್ಬಿ ಜನ ಅಂಗಡಿಗಳಿಗೆ ಮುಗಿಬಿದ್ದದ್ದು ನೆನಪಿರಬಹುದು. ದೇಶದ ಉಪ್ಪಿನ ಮುಕ್ಕಾಲು ಪಾಲು ತಯಾರಾಗುವ ಗುಜರಾತ್‌ನಲ್ಲಿ ಉಪ್ಪಿಗೇನೂ ಆಗಿರಲಿಲ್ಲ. ಕೊರತೆಯನ್ನು ಹುಟ್ಟಿಸಿದ್ದು ಸಂದೇಶವೇ.

ಆಕ್ಸಿಜನ್ ದಿನಗಳಲ್ಲಿ ಇಂಥ ಸಂದೇಶಗಳು ಮೂರು ರೂಪದಲ್ಲಿ ಬಂದವು:

- ಮನೆಮದ್ದು: ಕರ್ಪೂರ, ಲವಂಗ, ಓಂಕಾಳು ಕಟ್ಟಿದ ಗಂಟನ್ನು ಮೂಸಿದರೆ ರಕ್ತದ ಆಕ್ಸಿಜನ್ ಮಟ್ಟ ಏರುತ್ತದೆ ಎಂಬ ಸಂದೇಶ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಕರ್ಪೂರದ ವಾಸನೆಗೆ ಮೂಗು ಬಿಟ್ಟಂತೆ ಅನ್ನಿಸಬಹುದು, ಆದರೆ ಶ್ವಾಸಕೋಶದಿಂದ ರಕ್ತಕ್ಕೆ ಸೇರುವ ಆಕ್ಸಿಜನ್ ಹೆಚ್ಚುವುದಿಲ್ಲ. ಆಸ್ಪತ್ರೆಗೆ ಹೋಗಬೇಕಾದ ಸಮಯ ಮಾತ್ರ ಕಳೆಯುತ್ತದೆ.
- ನೆಬ್ಯುಲೈಸರ್: ಸಿಲಿಂಡರ್ ಇಲ್ಲದಿದ್ದರೆ ನೆಬ್ಯುಲೈಸರ್ ಸಾಕು ಎಂಬ ವಿಡಿಯೊ. ಔಷಧವನ್ನು ಹನಿಮಂಜು ಮಾಡಿ ಕೊಡುವುದಷ್ಟೇ ಅದರ ಕೆಲಸ. ಅದು ಆಕ್ಸಿಜನ್ ತಯಾರಿಸುವುದಿಲ್ಲ.
- ಹಳೆಯ ಫೋನ್ ನಂಬರ್: "ಇಲ್ಲಿ ಸಿಲಿಂಡರ್ ಸಿಗುತ್ತದೆ" ಎಂಬ ಪಟ್ಟಿಗಳು. ಬೆಳಗ್ಗೆ ನಿಜವಾಗಿದ್ದ ಮಾಹಿತಿ ಸಂಜೆಗೆ ಹಳಸಿರುತ್ತಿತ್ತು. ಕಳಿಸಿದವರದು ಒಳ್ಳೆಯ ಮನಸ್ಸೇ. ಆದರೆ ರೋಗಿಯ ಮನೆಯವರು ಎತ್ತದ ನಂಬರ್‌ಗಳಿಗೆ ಗಂಟೆಗಟ್ಟಲೆ ಕರೆ ಮಾಡುತ್ತಾ ಕೂತರು.

ಇದೇ ಮೊಬೈಲ್‌ಗಳಿಂದ ದೊಡ್ಡ ಸಹಾಯವೂ ಆಯಿತು. ಪ್ರತಿ ನಂಬರ್‌ಗೂ ತಾವೇ ಕರೆ ಮಾಡಿ, ಪರಿಶೀಲಿಸಿದ ಸಮಯ ಬರೆದು, ಮುಗಿದದ್ದನ್ನು ಅಳಿಸಿ ಹಂಚಿದ ಸ್ವಯಂಸೇವಕರು ಹಲವು ಜೀವ ಉಳಿಸಿದರು. ಎರಡು ಸಂದೇಶಗಳ ನಡುವಿನ ವ್ಯತ್ಯಾಸ ಒಂದು ಕರೆ, ಒಂದು ದಿನಾಂಕ.

ಈಗ ಸಿದ್ಧರಿದ್ದೇವೆಯೇ?

2021ರ ಅಕ್ಟೋಬರ್ ವೇಳೆಗೆ ಪಿಎಂ ಕೇರ್ಸ್ ನಿಧಿಯ 1,100ಕ್ಕೂ ಹೆಚ್ಚು ಪಿಎಸ್‌ಎ ಘಟಕಗಳು ಚಾಲನೆಗೊಂಡಿದ್ದವು. ಇದು ದೊಡ್ಡ ಹೆಜ್ಜೆಯೇ. ಆದರೆ ಘಟಕ ಇದೆ ಎಂಬುದಕ್ಕೂ ಅದು ಓಡುತ್ತದೆ ಎಂಬುದಕ್ಕೂ ವ್ಯತ್ಯಾಸವಿದೆ.

ಪಿಎಸ್‌ಎ ಘಟಕಕ್ಕೆ ನಿರಂತರ ವಿದ್ಯುತ್ ಬೇಕು, ಕರೆಂಟ್ ಹೋದರೆ ಜನರೇಟರ್ ಮತ್ತು ಡೀಸೆಲ್ ಬೇಕು. ನೈಟ್ರೋಜನ್ ಹೀರಿಕೊಳ್ಳುವ ಅದರ ಜಿಯೋಲೈಟ್ ಹರಳುಗಳಿಗೆ ತೇವ ತಾಗಬಾರದು. ಫಿಲ್ಟರ್ ಬದಲಿಸಬೇಕು, ತರಬೇತಾದ ತಂತ್ರಜ್ಞ ಇರಬೇಕು. ಬರುವ ಆಕ್ಸಿಜನ್‌ನ ಶುದ್ಧತೆ ಸುಮಾರು 93%, ಅದನ್ನೂ ಆಗಾಗ ಅಳೆಯಬೇಕು. ತಿಂಗಳುಗಟ್ಟಲೆ ನಿಲ್ಲಿಸಿದ ಬೈಕ್ ಒಂದೇ ಒದೆತಕ್ಕೆ ಸ್ಟಾರ್ಟ್ ಆಗದಂತೆ, ನಿಂತ ಘಟಕವೂ ತುರ್ತು ರಾತ್ರಿಯಲ್ಲಿ ಕೈಕೊಡಬಹುದು. ಇದಕ್ಕಾಗಿಯೇ 2022ರ ಡಿಸೆಂಬರ್ 27ರಂದು ಮತ್ತು 2023ರ ಏಪ್ರಿಲ್ 10–11ರಂದು ದೇಶದಾದ್ಯಂತ ಆಸ್ಪತ್ರೆಗಳಲ್ಲಿ ಅಣಕು ಕಾರ್ಯಾಚರಣೆ ನಡೆಸಲಾಯಿತು. ಅದು ವರ್ಷಕ್ಕೊಮ್ಮೆಯ ಫೋಟೊ ಕಾರ್ಯಕ್ರಮವಾಗದೆ ತಿಂಗಳ ರೂಢಿಯಾಗಬೇಕು.

ರೋಗಿಗಳಿಲ್ಲದ ದಿನ ತುಂಬಿದ ಟ್ಯಾಂಕ್ ದಂಡದಂತೆ ಕಾಣುತ್ತದೆ. ಬಳಸದ ಘಟಕದ ನಿರ್ವಹಣೆಗೆ ಯಾಕೆ ಖರ್ಚು ಎಂದು ಲೆಕ್ಕಪತ್ರ ನೋಡುವವರು ಕೇಳುತ್ತಾರೆ. ಆ ಪ್ರಶ್ನೆಗೆ ಚಾಮರಾಜನಗರ ಉತ್ತರ.

ನಿಮ್ಮ ಜಿಲ್ಲೆ ಅಥವಾ ತಾಲ್ಲೂಕು ಆಸ್ಪತ್ರೆಯ ಬಗ್ಗೆ ಗ್ರಾಮಸಭೆಯಲ್ಲಿ, ಜನಪ್ರತಿನಿಧಿಗಳ ಬಳಿ, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಯಾರು ಬೇಕಾದರೂ ಕೇಳಬಹುದಾದ ನಾಲ್ಕು ಪ್ರಶ್ನೆಗಳು:

1. ಎಲ್ಲ ಹಾಸಿಗೆ ತುಂಬಿದರೆ ಇರುವ ಆಕ್ಸಿಜನ್ ಎಷ್ಟು ಗಂಟೆ ಬರುತ್ತದೆ?
2. ಮುಂದಿನ ಪೂರೈಕೆ ಎಲ್ಲಿಂದ, ಎಷ್ಟು ಗಂಟೆಯಲ್ಲಿ ಬರುತ್ತದೆ? ಆ ದಾರಿ ಕಡಿದರೆ ಎರಡನೇ ದಾರಿ ಯಾವುದು?
3. ಪಿಎಸ್‌ಎ ಘಟಕವನ್ನು ಕೊನೆಯ ಬಾರಿ ಪೂರ್ತಿ ಓಡಿಸಿ ನೋಡಿದ್ದು ಯಾವಾಗ?
4. ಮಧ್ಯರಾತ್ರಿ ದಾಸ್ತಾನು ಇಳಿದರೆ ಯಾರು ಯಾರಿಗೆ ಕರೆ ಮಾಡಬೇಕು?

ಮೊದಲ ಉತ್ತರ ಎರಡನೆಯದಕ್ಕಿಂತ ದೊಡ್ಡದಾಗಿರಬೇಕು. ದಾಸ್ತಾನು 10 ಗಂಟೆ, ಲಾರಿ ಬರಲು 14 ಗಂಟೆ ಎಂದಾದರೆ ಆ ನಾಲ್ಕು ಗಂಟೆಯ ಅಂತರದಲ್ಲಿ ರೋಗಿಗಳಿರುತ್ತಾರೆ.

ಇನ್ನು ಮುಂದೆ "ದೇಶದಲ್ಲಿ ಇಷ್ಟು ಸಾವಿರ ಟನ್ ಇದೆ, ಚಿಂತೆ ಬೇಡ" ಎಂದೋ "ಎಲ್ಲ ಮುಗಿದೇ ಹೋಯಿತು" ಎಂದೋ ಸಂದೇಶ ಬಂದರೆ ಫಾರ್ವರ್ಡ್ ಒತ್ತುವ ಮೊದಲು ಒಂದೇ ಪ್ರಶ್ನೆ ಹಾಕಿಕೊಳ್ಳಿ: ಅದು ಈಗ ಎಲ್ಲಿದೆ, ನಮ್ಮೂರಿಗೆ ಬರಲು ಎಷ್ಟು ಹೊತ್ತು?